ಈಗ ಯಾರ ಪಾಳಿ? ಹಾನಗಲ್ಲಿನ ವೀರಗಲ್ಲಿನಿಂದ ಆನ್‌ಲೈನ್ ಡಿ ಅಂಡ್ ಡಿ ತನಕ

ಇವತ್ತಿನ ಸಂಚಿಕೆ ಒಂದು ಪ್ರಶ್ನೆಯ ಇತಿಹಾಸ. ಪ್ರಶ್ನೆ ಭಾಳ ಸಣ್ಣದು: ಈಗ ಯಾರ ಪಾಳಿ?

ರೇಷನ್ ಅಂಗಡಿ ಮುಂದೆ ಕೇಳ್ತೀವಿ, ಹಿಟ್ಟಿನ ಗಿರಣಿಯಲ್ಲಿ ಕೇಳ್ತೀವಿ, ದವಾಖಾನೆಯಲ್ಲಿ ಕೇಳ್ತೀವಿ. ಬೆಂಗಳೂರಿನವರು ಸರದಿ ಅಂತಾರೆ, ಕ್ಯೂ ಅಂತಾರೆ. ನಮ್ಮ ಹಾವೇರಿ ಜಿಲ್ಲೆ ಕಡೆ ಪಾಳಿ ಅಂತೀವಿ. ಆದರೆ ನಾನು ಈ ಮಾತನ್ನು ಅತಿ ಹೆಚ್ಚು ಸಲ ಕೇಳೋದು ಇದ್ಯಾವ ಜಾಗದಲ್ಲೂ ಅಲ್ಲ. ಶನಿವಾರ ರಾತ್ರಿ, ಇಯರ್‌ಫೋನ್ ಹಾಕ್ಕೊಂಡು, ಡಿಸ್ಕಾರ್ಡ್ ಕಾಲ್‌ನಲ್ಲಿ.

ನಾವು ಐದು ಜನ ಗೆಳೆಯರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡ್ತೀವಿ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಹೀಗೆ ನಾಲ್ಕು ತಾಲ್ಲೂಕಿನವರು. ಕೆಲವರು ಊರಲ್ಲೇ ಇದ್ದಾರೆ, ಕೆಲವರು ಕೆಲಸಕ್ಕೆ ಅಂತ ಹೊರಗಿದ್ದಾರೆ. ಈ ಆಟ ಗೊತ್ತಿಲ್ಲದವರಿಗೆ ಎರಡೇ ಮಾತಲ್ಲಿ ಹೇಳ್ತೀನಿ. ಒಬ್ಬರು ಕಥೆ ನಡೆಸುವವರು, ಅವರಿಗೆ ಡಂಜನ್ ಮಾಸ್ಟರ್ ಅಂತ ಹೆಸರು. ಉಳಿದವರು ಒಂದೊಂದು ಪಾತ್ರ. ಏನು ಮಾಡ್ತೀವಿ ಅಂತ ಬಾಯಲ್ಲಿ ಹೇಳ್ತೀವಿ, ಆಗುತ್ತೋ ಇಲ್ಲವೋ ಅಂತ ದಾಳ ಹೇಳುತ್ತೆ. ಕಾಡಲ್ಲಿ ನಡೀವಾಗ, ಸಂತೆಯಲ್ಲಿ ಮಾತಾಡುವಾಗ ಯಾರು ಬೇಕಾದರೂ ಯಾವಾಗ ಬೇಕಾದರೂ ಮಾತಾಡಬಹುದು. ಜಗಳ ಶುರುವಾಯಿತು ಅಂದ್ರೆ ಮಾತ್ರ ನಿಯಮ ಬದಲಾಗುತ್ತೆ. ಆಗ ಪಾಳಿ ಬೇಕು.

ಅದು ಹೇಗೆ ಅಂದ್ರೆ, ಎಲ್ಲರೂ 20 ಮುಖದ ದಾಳ ಉರುಳಿಸ್ತೀವಿ. ಪಾತ್ರದ ಚುರುಕುತನಕ್ಕೆ ತಕ್ಕ ಒಂದು ಅಂಕಿ ಅದಕ್ಕೆ ಸೇರುತ್ತೆ. ಹೆಚ್ಚು ಬಂದವರು ಮೊದಲು, ಕಡಿಮೆ ಬಂದವರು ಕೊನೆಗೆ. ಇದಕ್ಕೆ ಇನಿಶಿಯೇಟಿವ್ ಅಂತಾರೆ. ಎಲ್ಲರ ಪಾಳಿ ಒಂದು ಸಲ ಮುಗಿದರೆ ಅದು ಒಂದು ರೌಂಡ್. ಮತ್ತೆ ಮೇಲಿನಿಂದ ಶುರು. ಈಗಿನ ನಿಯಮದಲ್ಲಿ ಒಂದು ರೌಂಡ್ ಅಂದ್ರೆ ಕಥೆಯ ಒಳಗಿನ 6 ಸೆಕೆಂಡು. ಒಂದು ನಿಮಿಷ ಇರುವ ಮಂತ್ರ ಅಂದ್ರೆ 10 ರೌಂಡ್. ಮೂರನೇ ರೌಂಡಿನಲ್ಲಿ ಹಾಕಿದರೆ ಹದಿಮೂರನೇ ರೌಂಡಿನಲ್ಲಿ ಅದೇ ಪಾತ್ರದ ಪಾಳಿ ಬಂದಾಗ ಮುಗಿಯಬೇಕು. ಇದನ್ನೆಲ್ಲ ಯಾರಾದರೂ ಲೆಕ್ಕ ಇಡಬೇಕಲ್ರಿ? ಆ ಲೆಕ್ಕವೇ ಇವತ್ತಿನ ವಿಷಯ.

ಇದು ಅಮೆರಿಕದಿಂದ ಬಂದ ಆಟ, ಇದರಾಗ ನಮ್ಮೂರಿನದು ಏನೈತಿ ಅಂತ ನೀವು ಕೇಳಬಹುದು. ಆಟ ಹೊರಗಿನದು, ಖರೆ. ಆದರೆ ಜಗಳದ ಲೆಕ್ಕ ಇಡೋ ಕೆಲಸ ನಮ್ಮ ನಾಲ್ಕು ತಾಲ್ಲೂಕಿಗೆ ಭಾಳ ಹಳೇದು.

ಮೊದಲು ಸುಲಭದ ಉದಾಹರಣೆ ನೋಡೋಣ. ಚೌಕಾಬಾರ. ನಾಲ್ಕು ಕವಡೆ, ನೆಲದ ಮೇಲೆ ಗೀಚಿದ ಮನೆ, ನಾಲ್ಕು ಜನ. ನಮ್ಮ ಕಡೆ ಎಷ್ಟೋ ಗುಡಿ ಕಟ್ಟೆಯ ಕಲ್ಲಿನಲ್ಲೇ ಇಂಥ ಆಟದ ಮನೆಗಳನ್ನು ಕೊರೆದಿರುವುದು ಕಾಣುತ್ತೆ. ನಾಲ್ಕೂ ಕವಡೆ ಬಾಯಿ ಮೇಲಾಗಿ ಬಿದ್ದರೆ ಚೌಕ, ಅಂದ್ರೆ ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಅಂದ್ರೆ ಎಂಟು. ಎರಡರಲ್ಲಿ ಯಾವುದು ಬಿದ್ದರೂ ಇನ್ನೊಂದು ಸಲ ಕವಡೆ ಹಾಕಬಹುದು. ಅಲ್ಲಿ ಯಾರೂ ಪಾಳಿಯ ಪಟ್ಟಿ ಬರೆದುಕೊಳ್ಳೋದಿಲ್ಲ. ಯಾಕಂದ್ರೆ ಕೂತ ಜಾಗವೇ ಪಟ್ಟಿ. ಕವಡೆ ಕೈಯಿಂದ ಕೈಗೆ ಹೋಗುತ್ತೆ, ಪಕ್ಕದಲ್ಲಿ ಕೂತವರ ಪಾಳಿ ತಾನಾಗಿ ಬರುತ್ತೆ. ಅಜ್ಜಿ ಕಣ್ಣು ಮುಚ್ಚಿ ಕೂತಿದ್ದರೂ ಮೊಮ್ಮಗ ಮೊಣಕೈ ತಿವಿದು ಎಬ್ಬಿಸ್ತಾನೆ.

ಆನ್‌ಲೈನ್‌ನಲ್ಲಿ ಈ ಸುತ್ತು ಇಲ್ಲ. ಎಲ್ಲರೂ ಒಬ್ಬೊಬ್ಬರೇ ಕೂತಿರ್ತಾರೆ. ಮುಖ ಕಾಣೋದಿಲ್ಲ, ಕವಡೆ ಕೈ ಸೇರೋದಿಲ್ಲ. ಜೋರು ದನಿ ಇದ್ದವರು, ಒಳ್ಳೆಯ ನೆಟ್ ಇದ್ದವರು ತಾವೇ ಮೂರು ಸಲ ಆಡಿ ಮುಗಿಸ್ತಾರೆ. ಮಳೆಗಾಲದಲ್ಲಿ ಕರೆಂಟ್ ಹೋಗಿ, ಟವರ್ ಒದ್ದಾಡುವ ಊರಲ್ಲಿ ಕೂತವರ ಪಾಳಿ ಗೊತ್ತಿಲ್ಲದ ಹಾಗೆ ಜಾರಿ ಹೋಗುತ್ತೆ. ಅದಕ್ಕೇ ಪರದೆಯ ಮೇಲೆ ಒಂದು ಪಟ್ಟಿ ಬೇಕಾಯಿತು. ಪಾಳಿಯ ಪಟ್ಟಿ ಅಂದ್ರೆ ಕೂಡುವ ಕಟ್ಟೆ ಇಲ್ಲದವರು ಮಾಡಿಕೊಂಡ ಕಟ್ಟೆ.

ಈಗ ನಿಜವಾದ ಜಗಳಕ್ಕೆ ಬರೋಣ. ನಿಜವಾದ ಯುದ್ಧದಲ್ಲಿ ಪಾಳಿ ಇರೋದಿಲ್ಲ. ಎಲ್ಲವೂ ಒಟ್ಟಿಗೇ ಆಗುತ್ತೆ. ಧೂಳು, ಕೂಗು, ಯಾರು ಯಾರನ್ನು ಹೊಡೆದರು ಅನ್ನೋದು ಪಕ್ಕದಲ್ಲಿದ್ದವನಿಗೂ ಗೊತ್ತಾಗೋದಿಲ್ಲ. ಪಾಳಿ ಹಚ್ಚೋದು ಆಮೇಲೆ, ಹೇಳುವಾಗ. ಮೊದಲು ಇದಾಯಿತು, ಆಮೇಲೆ ಅದಾಯಿತು ಅಂತ ಯಾರೋ ಒಬ್ಬರು ಕೂತು ಜೋಡಿಸ್ತಾರೆ. ಆ ಜೋಡಿಸುವವರು ಯಾರು ಅನ್ನೋದರ ಮೇಲೆ ಕಥೆ ನಿಲ್ಲುತ್ತೆ.

ಹಾನಗಲ್ಲಿಗೆ ಹೋಗೋಣ. ಹಳೆಯ ಹೆಸರು ಪಾನುಂಗಲ್. ಹಾನಗಲ್ಲಿನ ಕದಂಬರ ರಾಜಧಾನಿ. ತಾರಕೇಶ್ವರ ಗುಡಿಯ ಒಳಗೆ ನಿಂತು ಮೇಲೆ ನೋಡಿದರೆ ಕಲ್ಲಿನ ದೊಡ್ಡ ಕಮಲ ಕಾಣುತ್ತಲ್ಲ, ಅದೇ ಊರು. 1196ರಲ್ಲಿ ಹೊಯ್ಸಳ ವೀರಬಲ್ಲಾಳ ಈ ಊರಿಗೆ ದಂಡೆತ್ತಿ ಬಂದ. ಆನೆಕೆರೆಯ ಹತ್ತಿರ ಬೀಡು ಬಿಟ್ಟು ಮುತ್ತಿಗೆ ಹಾಕಿದ. ಹಾನಗಲ್ಲನ್ನು ಆಗ ಆಳುತ್ತಿದ್ದವನು ಕದಂಬ ಕಾಮದೇವ. ಅವನ ಸೇನಾಪತಿ ಸೋಹಣಿ ಮತ್ತು ಸೋಹಣಿಯ ಮಗ ಪದ್ಮಯ್ಯ ಎದುರು ನಿಂತರು. ಆ ಸುತ್ತಿನಲ್ಲಿ ಹೊಯ್ಸಳರು ಹಿಂದೆ ಸರಿಯಬೇಕಾಯಿತು. ಆದರೆ ಸೋಹಣಿ ಉಳಿಯಲಿಲ್ಲ. ಮುಂದೆ ಹೊಯ್ಸಳರ ಕೈಯೇ ಮೇಲಾಯಿತು.

ಇದು ನಮಗೆ ಹೇಗೆ ಗೊತ್ತು? ಹಾನಗಲ್ಲಿನ ಒಂದು ವೀರಗಲ್ಲಿನಿಂದ. ಬ್ರಿಟಿಷರ ಕಾಲದಲ್ಲಿ ಈ ಭಾಗದ ಶಾಸನಗಳನ್ನು ಓದಿ ಬರೆದ ಜಾನ್ ಫೇತ್‌ಫುಲ್ ಫ್ಲೀಟ್ ಎಂಬ ಅಧಿಕಾರಿ ಇದನ್ನೂ ದಾಖಲಿಸಿದ.

ವೀರಗಲ್ಲು ಓದೋದು ಹೇಗೆ ಅಂತ ಒಂದು ನಿಮಿಷ ಹೇಳ್ತೀನಿ, ಯಾಕಂದ್ರೆ ನಮ್ಮ ಭಾಗದಲ್ಲಿ ಊರು ಬಿಟ್ಟು ಎರಡು ಹೊಲ ದಾಟಿದರೂ ಇಂಥದ್ದೊಂದು ಸಿಗಬಹುದು. ಸಾಮಾನ್ಯವಾಗಿ ಮೂರು ಅಂತಸ್ತು ಇರುತ್ತೆ. ಓದಬೇಕಾದ್ದು ಕೆಳಗಿನಿಂದ ಮೇಲಕ್ಕೆ. ಕೆಳಗೆ ಯುದ್ಧ: ಬಿಲ್ಲು, ಕತ್ತಿ, ಕುದುರೆ, ಕೆಲವು ಕಡೆ ದನಗಳ ಸಾಲು. ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗ್ತಾ ಇರ್ತಾರೆ. ಮೇಲೆ ಅವನು ಕೈಲಾಸದಲ್ಲಿ, ಶಿವಲಿಂಗದ ಮುಂದೆ ಕೂತಿರ್ತಾನೆ. ಜೈನ ವೀರನಾದರೆ ಜಿನನ ಮುಂದೆ. ಅಂತಸ್ತುಗಳ ನಡುವಿನ ಪಟ್ಟಿಯಲ್ಲಿ ಬರಹ. ಇದು ಚಿತ್ರ ಅಷ್ಟೇ ಅಲ್ಲ, ಕ್ರಮ. ಒಂದು, ಎರಡು, ಮೂರು. ಎಲ್ಲವೂ ಒಟ್ಟಿಗೇ ಆದ ಗದ್ದಲವನ್ನು ಶಿಲ್ಪಿ ಮೂರು ಹಂತಕ್ಕೆ ಇಳಿಸಿದ್ದಾನೆ.

ಆಟ ಆಡುವವರಿಗೆ ಇದು ತಲೆಕೆಳಗಾದ ಪಟ್ಟಿಯ ಹಾಗೆ ಕಾಣುತ್ತೆ. ನಮ್ಮ ಪರದೆಯ ಪಟ್ಟಿಯಲ್ಲಿ ಎದುರಾಳಿಯ ಜೀವ ಸೊನ್ನೆಗೆ ಬಂತು ಅಂದ್ರೆ ಅವನ ಹೆಸರು ತೆಗೆದು ಹಾಕ್ತೀವಿ. ಇನ್ನು ಅವನಿಗೆ ಪಾಳಿ ಇಲ್ಲ. ವೀರಗಲ್ಲಿನಲ್ಲಿ ಉಲ್ಟಾ. ಸತ್ತ ಮೇಲೇ ಹೆಸರು ಪಟ್ಟಿಗೆ ಏರೋದು. ಬದುಕಿ ಮನೆಗೆ ಬಂದವರಿಗೆ ಸಾಮಾನ್ಯವಾಗಿ ಕಲ್ಲು ಇಲ್ಲ.

ಯಾವ ಯಾವ ಜಗಳಕ್ಕೆ ಕಲ್ಲು ನಿಲ್ಲಿಸಿದರು? ಶಾಸನಗಳಲ್ಲಿ ಕೆಲವು ಶಬ್ದ ಮತ್ತೆ ಮತ್ತೆ ಬರುತ್ತವೆ. ತುರುಗೊಳ್ ಅಂದ್ರೆ ದನ ಹೊಡೆದುಕೊಂಡು ಹೋಗೋದು. ಪೆಣ್ಬುಯ್ಯಲ್ ಅಂದ್ರೆ ಹೆಣ್ಣುಮಕ್ಕಳ ಮೇಲೆ ಕೈ ಮಾಡಿದಾಗ ಎದ್ದ ಕೂಗು. ಊರಳಿವು ಅಂದ್ರೆ ಊರೇ ಹಾಳಾಗುವ ಹೊತ್ತು. ರಾಜರ ದೊಡ್ಡ ಯುದ್ಧ ಇದ್ದ ಹಾಗೇ, ದನ ಬಿಡಿಸಿಕೊಳ್ಳೋಕೆ ಓಡಿದ ಸಾದಾ ಊರಿನವನ ಜಗಳವೂ ಅಲ್ಲಿ ಇದೆ. ಸತ್ತವನ ಮನೆಯವರಿಗೆ ಭೂಮಿ ಕೊಡ್ತಿದ್ದರು. ಅದಕ್ಕೆ ನೆತ್ತರುಗೊಡಗೆ ಅಂತ ಹೆಸರು, ರಕ್ತಕ್ಕೆ ಕೊಟ್ಟ ಕೊಡುಗೆ. ಕಲ್ನಾಡು, ಬಾಳ್ಗಚ್ಚು ಅನ್ನೋ ಹೆಸರಿನ ದತ್ತಿಗಳೂ ಇದ್ದವು. ನಮ್ಮ ಆಟದಲ್ಲಿ ಗೆದ್ದ ಪಾತ್ರಕ್ಕೆ ಅನುಭವದ ಅಂಕ ಸಿಗುತ್ತೆ. ಅಲ್ಲಿ ಸತ್ತವನ ಮಕ್ಕಳಿಗೆ ಹೊಲ ಸಿಗ್ತಿತ್ತು. ಅಂದ್ರೆ ಕಲ್ಲಿನ ಮೇಲೆ ಯಾರ ಹೆಸರು, ಏನು ಕೆಲಸ ಅಂತ ಸರಿಯಾಗಿ ಬರೆಯೋದು ಹೊಟ್ಟೆಯ ಪ್ರಶ್ನೆಯೂ ಆಗಿತ್ತು.

ಹಾನಗಲ್ಲಿನವರು ತಮ್ಮ ಊರನ್ನೇ ಮಹಾಭಾರತದ ವಿರಾಟನಗರ ಅಂತ ಹೇಳ್ತಾರೆ. ಅದು ಸ್ಥಳದ ಐತಿಹ್ಯ. ಆದರೆ ಆ ಕಥೆ ನೆನಪು ಮಾಡಿಕೊಳ್ಳಿ. ದಾಳದಲ್ಲಿ ರಾಜ್ಯ ಕಳಕೊಂಡ ಧರ್ಮರಾಯ ಕಂಕ ಅನ್ನೋ ಹೆಸರಲ್ಲಿ ವಿರಾಟನ ಜೊತೆ ಮತ್ತೆ ದಾಳವನ್ನೇ ಆಡ್ತಾ ಕೂತಿದ್ದಾನೆ. ಹೊರಗೆ ಕೌರವರು ದನ ಹೊಡೆದಿದ್ದಾರೆ. ದನ ಬಿಡಿಸಿಕೊಂಡು ಬಂದದ್ದು ಬೃಹನ್ನಳೆಯ ವೇಷದಲ್ಲಿದ್ದ ಅರ್ಜುನ. ವಿರಾಟ ಮಾತ್ರ, ನನ್ನ ಮಗ ಉತ್ತರ ಗೆದ್ದ ಅಂತ ಹೊಗಳ್ತಾ ಇದ್ದಾನೆ. ಕಂಕ ಒಪ್ಪದೆ ಬೃಹನ್ನಳೆಯ ಹೆಸರು ಹೇಳ್ತಾನೆ. ಸಿಟ್ಟಿಗೆದ್ದ ವಿರಾಟ ಕೈಯಲ್ಲಿದ್ದ ದಾಳವನ್ನೇ ಅವನ ಮುಖಕ್ಕೆ ಎಸೀತಾನೆ, ರಕ್ತ ಬರುತ್ತೆ. ಜಗಳ ಮುಗಿದ ಮೇಲೆ ಯಾರು ಏನು ಮಾಡಿದರು ಅನ್ನೋ ಲೆಕ್ಕದ ಮೇಲೇ ಇನ್ನೊಂದು ಜಗಳ. ಈ ಆಟ ಆಡಿದವರಿಗೆಲ್ಲ ಈ ದೃಶ್ಯ ಚೆನ್ನಾಗಿ ಗೊತ್ತು!

ನಮ್ಮ ಜಿಲ್ಲೆಯಿಂದ ಸ್ವಲ್ಪ ದೂರದ ಇನ್ನೊಂದು ಕಲ್ಲನ್ನೂ ಹೇಳಿಬಿಡ್ತೀನಿ. ಮಂಡ್ಯ ಜಿಲ್ಲೆಯ ಆತಕೂರಿನದು, ಸುಮಾರು 949-50ರದ್ದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಅನ್ನೋ ವೀರ ಬಹುಮಾನವಾಗಿ ಕೇಳಿದ್ದು ಕಾಳಿ ಅನ್ನೋ ನಾಯಿಯನ್ನು. ಆ ನಾಯಿ ಒಂದು ಕಾಡುಹಂದಿಯ ಜೊತೆ ಹೋರಾಡಿತು. ಎರಡೂ ಸತ್ತವು. ನಾಯಿಗೂ ಕಲ್ಲು ನಿಂತಿತು, ಅದರ ಹೆಸರಿನ ಸಮೇತ. ಡಂಜನ್ ಮಾಸ್ಟರ್‌ಗಳೇ, ಪಾತ್ರದ ಜೊತೆಗಿರೋ ನಾಯಿಗೂ ಪಟ್ಟಿಯಲ್ಲಿ ಒಂದು ಸಾಲು ಕೊಡಿ. ಸಾವಿರ ವರ್ಷದ ಹಿಂದೆ ಕನ್ನಡದವರು ಕೊಟ್ಟಿದ್ದರು.

ಈಗ ಹಿರೇಕೆರೂರು ತಾಲ್ಲೂಕಿನ ಅಬ್ಬಲೂರು. ಅಲ್ಲಿನ ಸೋಮೇಶ್ವರ ಗುಡಿಯಲ್ಲಿ ಸುಮಾರು 1200ರ ಒಂದು ಪ್ರಸಿದ್ಧ ಶಾಸನ ಇದೆ. ಏಕಾಂತದ ರಾಮಯ್ಯ ಅನ್ನೋ ಶಿವಭಕ್ತನಿಗೂ ಆ ಊರಿನ ಜೈನರಿಗೂ ನಡೆದ ಪಂಥದ ಕಥೆ ಅದರಲ್ಲಿದೆ. ಆ ಧಾರ್ಮಿಕ ವಾದದ ಸರಿ ತಪ್ಪು ಇವತ್ತಿನ ವಿಷಯ ಅಲ್ಲ. ನಾನು ತೋರಿಸೋದು ಎರಡು ಸಣ್ಣ ವಿವರ. ಒಂದು, ಪಂಥ ಶುರುವಾಗುವ ಮೊದಲೇ ಸೋತರೆ ಏನು, ಗೆದ್ದರೆ ಏನು ಅಂತ ಓಲೆಯ ಮೇಲೆ ಬರೆಸಿಕೊಂಡರು. ಎರಡು, ಜಗಳ ರಾಜನ ತನಕ ಹೋಗಿ, ಕೊನೆಗೆ ಕಳಚುರಿ ಬಿಜ್ಜಳ ರಾಮಯ್ಯನಿಗೆ ಜಯಪತ್ರ ಕೊಟ್ಟ. ಅಂದ್ರೆ ಆಟಕ್ಕೆ ಮುಂಚೆ ನಿಯಮದ ಪತ್ರ, ಆಟದ ನಂತರ ತೀರ್ಪಿನ ಪತ್ರ. ಮುಂದೆ ರಾಮಯ್ಯನಿಗೆ ದತ್ತಿ ಕೊಟ್ಟವರಲ್ಲಿ ಹಾನಗಲ್ಲಿನ ಅದೇ ಕಾಮದೇವನೂ ಇದ್ದಾನೆ.

ಮೂರನೇ ವಿವರ ನಾವೇ ಗಮನಿಸಬೇಕು. ಆ ಶಾಸನ ಇರೋದು ಗೆದ್ದವರ ಗುಡಿಯಲ್ಲಿ. ಸೋತವರು ತಮ್ಮ ಕಡೆಯ ಕಥೆ ಹೇಗೆ ಹೇಳ್ತಿದ್ದರು? ಆ ಕಲ್ಲಿನಲ್ಲಿ ಅದಕ್ಕೆ ಜಾಗ ಇಲ್ಲ. ಹಾನಗಲ್ಲಿನ ಕಲ್ಲಿನಲ್ಲೂ ಸೋಹಣಿಯ ಹೆಸರು ಇದೆ, ಅವನ ಎದುರು ಆನೆಕೆರೆಯ ದಂಡೆಯಲ್ಲಿ ಸತ್ತ ಸಾದಾ ಸೈನಿಕನ ಕಥೆ ಅಲ್ಲಿ ಸಿಗೋದಿಲ್ಲ. ನಮ್ಮ ಪರದೆಯ ಪಟ್ಟಿ ಕೂಡ ಹೀಗೇ. ನಮ್ಮ ಐದು ಪಾತ್ರಗಳಿಗೆ ಹೆಸರು, ಮನೆತನ, ಹಿಂದಿನ ಕಥೆ ಎಲ್ಲ ಇದೆ. ಎದುರಾಳಿಗಳು ಗಾಬ್ಲಿನ್ 1, ಗಾಬ್ಲಿನ್ 2, ಗಾಬ್ಲಿನ್ 3.

ಅಲ್ಲಿಂದ ಶಿಗ್ಗಾಂವಿ ತಾಲ್ಲೂಕಿಗೆ ಬರೋಣ. ಬಂಕಾಪುರ ಗೊತ್ತಲ್ಲ, ಕೋಟೆ, ನವಿಲುಧಾಮ, ಅರವತ್ತು ಕಂಬದ ಗುಡಿ. ಅದು ಒಂದು ಕಾಲಕ್ಕೆ ದೊಡ್ಡ ವಿದ್ಯಾಕೇಂದ್ರ. ಗಂಗರ ದೊರೆ ಮಾರಸಿಂಹ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟದ್ದು ಇಲ್ಲೇ. ಅದೇ ಅಜಿತಸೇನಾಚಾರ್ಯರ ಶಿಷ್ಯ ಕವಿ ರನ್ನ. ರನ್ನನ ಗದಾಯುದ್ಧ ಕಾವ್ಯ ನಿಮಗೆ ಶಾಲೆಯ ಪಾಠದಲ್ಲಿ ಬಂದಿರಬಹುದು. ಇಡೀ ಭಾರತ ಯುದ್ಧ ಮುಗಿದು, ಕೊನೆಗೆ ಇಬ್ಬರೇ ಉಳಿದ ಹೊತ್ತು ಅದು. ಭೀಮ ಮತ್ತು ದುರ್ಯೋಧನ. ಹಿಂದಿನ ಎಲ್ಲ ಘಟನೆಗಳನ್ನು ಪಾತ್ರಗಳ ಬಾಯಲ್ಲಿ ನೆನಪಿಸುತ್ತಾ ಕವಿ ಕಥೆ ನಡೆಸ್ತಾನೆ. ಸಿಂಹಾವಲೋಕನ ಅಂತ ಮೇಷ್ಟ್ರು ಹೇಳಿರ್ತಾರೆ. ನಮ್ಮ ಆಟದಲ್ಲಿ ಪ್ರತಿ ಶನಿವಾರ ಶುರುವಿನಲ್ಲಿ, ಹೋದ ವಾರ ಏನಾಯಿತು ಅಂದ್ರೆ ಅಂತ ಡಂಜನ್ ಮಾಸ್ಟರ್ ಹೇಳ್ತಾರಲ್ಲ, ಅದೂ ಅದೇ ಕೆಲಸ.

ಆ ಗದಾಯುದ್ಧ ಮಹಾಭಾರತದ ಅತಿ ದೊಡ್ಡ ನಿಯಮದ ಜಗಳವೂ ಹೌದು. ಗದೆಯ ಕಾಳಗದಲ್ಲಿ ನಾಭಿಯ ಕೆಳಗೆ ಹೊಡೆಯಬಾರದು. ಭೀಮ ತೊಡೆಗೆ ಹೊಡೆದ. ಬಲರಾಮ ಸಿಟ್ಟಿಗೆದ್ದ. ಕೃಷ್ಣ ಸಮಾಧಾನ ಮಾಡಿದ. ಹೊಡೆತ ಲೆಕ್ಕಕ್ಕೆ ಬರುತ್ತೋ ಇಲ್ಲವೋ ಅಂತ ಜನ ಇವತ್ತಿಗೂ ವಾದ ಮಾಡ್ತಾರೆ. ನಿಯಮ ಗೊತ್ತಿದ್ದರೆ ಸಾಲದು, ಆ ಕ್ಷಣದಲ್ಲಿ ತೀರ್ಪು ಹೇಳೋ ಒಬ್ಬರು ಬೇಕು.

ಆ ಒಬ್ಬರು ನಮ್ಮ ದೊಡ್ಡಾಟದಲ್ಲಿ ಇದ್ದಾರೆ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲೇ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇದೆ, 2011ರಲ್ಲಿ ಶುರುವಾದದ್ದು. ದೊಡ್ಡಾಟ ಓದಬೇಕು ಅಂದ್ರೆ ಈಗ ದೂರ ಹೋಗಬೇಕಿಲ್ಲ. ದೊಡ್ಡಾಟ ನೋಡಿದವರಿಗೆ ಸಾರಥಿ ಗೊತ್ತು. ಪಾತ್ರ ರಂಗಕ್ಕೆ ಕುಣೀತಾ ಬರುತ್ತೆ. ಸಾರಥಿ ಕೇಳ್ತಾನೆ: ತಾವು ಯಾರು, ಎಲ್ಲಿಂದ ಬಂದಿರಿ, ಬಂದ ಕಾರಣ ಏನು? ಪಾತ್ರ ತನ್ನ ಹೆಸರು, ತನ್ನ ಪರಾಕ್ರಮ ತಾನೇ ಹೇಳಿಕೊಳ್ಳುತ್ತೆ. ಯುದ್ಧ ಬಂದಾಗ ಇಬ್ಬರೂ ಒಟ್ಟಿಗೆ ಮೈಮೇಲೆ ಬೀಳೋದಿಲ್ಲ. ಒಬ್ಬ ಮಾತಾಡ್ತಾನೆ, ಭಾಗವತರು ಪದ ಹಾಡ್ತಾರೆ, ಮದ್ದಳೆ ತಾಳ ಏರುತ್ತೆ, ಕುಣಿತ. ಆಮೇಲೆ ಇನ್ನೊಬ್ಬನದು. ಬಯಲಲ್ಲಿ ಕೂತ ಜನಕ್ಕೆ ಯಾರು ಹೊಡೆದರು, ಯಾರಿಗೆ ತಾಗಿತು ಅಂತ ರಾತ್ರಿ ಮೂರು ಗಂಟೆಗೂ ಗೊಂದಲ ಆಗೋದಿಲ್ಲ. ಸಾರಥಿ, ಭಾಗವತ, ಮದ್ದಳೆ ಈ ಮೂವರೂ ಸೇರಿ ಪಾಳಿ ಕಾಯ್ತಾರೆ. ನನ್ನನ್ನು ಕೇಳಿದರೆ ಡಂಜನ್ ಮಾಸ್ಟರ್ ಅನ್ನೋದಕ್ಕೆ ಕನ್ನಡದಲ್ಲಿ ಸಾರಥಿ ಅನ್ನೋ ಶಬ್ದಕ್ಕಿಂತ ಒಳ್ಳೆಯದು ಸಿಗೋದಿಲ್ಲ.

ಉಳಿದದ್ದು ಸವಣೂರು. ನವಾಬರ ಊರು, ದೊಡ್ಡಹುಣಸೆ ಮರಗಳ ಊರು, ಕವಿ ವಿ.ಕೃ. ಗೋಕಾಕರು ಹುಟ್ಟಿದ ಊರು. 1756ರಲ್ಲಿ ಪೇಶ್ವೆ ಬಾಳಾಜಿ ಬಾಜಿರಾಯನ ಸೈನ್ಯ ಸವಣೂರಿಗೆ ಮುತ್ತಿಗೆ ಹಾಕಿತು. ಹೈದರಾಬಾದಿನ ನಿಜಾಮನ ಕಡೆಯಿಂದ ಫ್ರೆಂಚ್ ಸೇನಾನಿ ಬುಸ್ಸಿ ತೋಪುಗಳ ಜೊತೆ ಬಂದು ಸೇರಿಕೊಂಡ. ಈ ಮುತ್ತಿಗೆಯನ್ನು ನೀವು ಆಟ ಮಾಡಬೇಕು ಅಂದುಕೊಳ್ಳಿ. 6 ಸೆಕೆಂಡಿನ ರೌಂಡ್ ಇಟ್ಟರೆ ಗಂಟೆಗೆ 600 ರೌಂಡ್. ದಿನಕ್ಕೆ 14,400. ವಾರಕ್ಕೆ 1,00,800. ಮೊಮ್ಮಕ್ಕಳ ಕಾಲಕ್ಕೂ ಮುಗಿಯೋದಿಲ್ಲ! ಅಂದ್ರೆ ರೌಂಡಿನ ಉದ್ದ ಜಗಳದ ಗಾತ್ರಕ್ಕೆ ತಕ್ಕ ಹಾಗೆ ಇರಬೇಕು.

ಇದೇ ಲೆಕ್ಕವನ್ನು ಪ್ರಷ್ಯಾದ ಸೈನ್ಯಾಧಿಕಾರಿಗಳು ಮಾಡಿದರು. ಪ್ರಷ್ಯಾ ಅಂದ್ರೆ ಇವತ್ತಿನ ಜರ್ಮನಿಯ ಹಳೆಯ ರಾಜ್ಯ. ರೈಸ್‌ವಿಟ್ಸ್ ಅನ್ನೋ ತಂದೆ 1812ರಲ್ಲಿ ಯುದ್ಧದ ಆಟವೊಂದನ್ನು ರಾಜನಿಗೆ ತೋರಿಸಿದ. ಅವನ ಮಗ, ಸೇನೆಯ ಅಧಿಕಾರಿ, ಅದನ್ನು ತಿದ್ದಿ 1824ರಲ್ಲಿ ನಿಯಮಗಳ ಪುಸ್ತಕ ಪ್ರಕಟಿಸಿದ. ಹೆಸರು ಕ್ರೀಗ್‌ಸ್ಪೀಲ್, ಅಂದ್ರೆ ಯುದ್ಧದ ಆಟ. ನಕ್ಷೆ, ದಾಳ, ಎರಡು ಪಕ್ಷ, ನಡುವೆ ಒಬ್ಬ ಅಂಪೈರ್. ಒಂದು ಪಾಳಿ ಅಂದ್ರೆ 2 ನಿಮಿಷ. ಎರಡೂ ಪಕ್ಷದವರು ತಮ್ಮ ಆಜ್ಞೆ ಬರೆದು ಕೊಡ್ತಿದ್ದರು, ಏನಾಯಿತು ಅಂತ ಅಂಪೈರ್ ಲೆಕ್ಕ ಹಾಕಿ ಹೇಳ್ತಿದ್ದ. ಎದುರಾಳಿ ಎಲ್ಲಿದ್ದಾನೆ ಅಂತ ಪೂರ್ತಿ ಗೊತ್ತಿದ್ದದ್ದು ಅವನೊಬ್ಬನಿಗೇ.

ಆ ಯುದ್ಧದ ಆಟಗಳ ಪರಂಪರೆಯಲ್ಲೇ, ಅಮೆರಿಕದಲ್ಲಿ, ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ತಂದರು. ಮೊದಲ ಮುದ್ರಣ 1,000 ಪ್ರತಿ. ದೊಡ್ಡ ಸೈನ್ಯದ ಬದಲು ಒಬ್ಬೊಬ್ಬ ಆಟಗಾರನಿಗೆ ಒಂದೇ ಪಾತ್ರ. ಆದರೆ ಸಮಯದ ಲೆಕ್ಕ ಮಾತ್ರ ತಕ್ಷಣ ಚಿಕ್ಕದಾಗಲಿಲ್ಲ. 1970ರ ದಶಕದ ಕೊನೆಗೆ ಬಂದ ಅಡ್ವಾನ್ಸ್ಡ್ ಆವೃತ್ತಿಯಲ್ಲೂ ಒಂದು ರೌಂಡ್ ಅಂದ್ರೆ ಒಂದು ನಿಮಿಷ, ಅದರ ಒಳಗೆ 6 ಸೆಕೆಂಡಿನ 10 ತುಂಡು. ಪ್ರತಿ ರೌಂಡಿಗೂ ಎರಡು ಪಕ್ಷ ದಾಳ ಹಾಕಿ ಯಾರು ಮೊದಲು ಅಂತ ತೀರ್ಮಾನ. 2000ನೇ ಇಸವಿಯ ಮೂರನೇ ಆವೃತ್ತಿಯಲ್ಲಿ ರೌಂಡ್ 6 ಸೆಕೆಂಡಿಗೆ ಇಳಿಯಿತು. ಒಬ್ಬೊಬ್ಬರೂ ಜಗಳದ ಶುರುವಿನಲ್ಲಿ ಒಂದೇ ಸಲ ದಾಳ ಹಾಕಿ, ಅದೇ ಕ್ರಮ ಕೊನೆಯ ತನಕ ನಡೆಯೋ ಪದ್ಧತಿ ಗಟ್ಟಿಯಾಯಿತು. ಸೈನ್ಯದ ಲೆಕ್ಕ ಹೀಗೆ ಒಬ್ಬ ಮನುಷ್ಯನ ಲೆಕ್ಕ ಆಯಿತು.

ಆಮೇಲೆ ಆಟ ಪರದೆಗೆ ಬಂತು. ರೋಲ್20 ಅನ್ನೋ ವೆಬ್‌ಸೈಟ್ 2012ರಲ್ಲಿ ಜನರಿಂದ ಹಣ ಕೂಡಿಸಿ ಶುರುವಾಯಿತು. ಫೌಂಡ್ರಿ ಅನ್ನೋ ಸಾಫ್ಟ್‌ವೇರ್ 2020ರಲ್ಲಿ ಬಂತು, ಲಾಕ್‌ಡೌನ್ ಕಾಲದಲ್ಲಿ. ಎರಡರಲ್ಲೂ ಪಾಳಿಯ ಪಟ್ಟಿ ಇದೆ. ದಾಳ ಬಿದ್ದ ಕೂಡಲೇ ಹೆಸರುಗಳು ಸಾಲಾಗಿ ನಿಲ್ಲುತ್ತವೆ. ಮುಂದೆ ಅಂತ ಒತ್ತಿದರೆ ಮುಂದಿನವರ ಪಾಳಿ.

ಆದರೆ ಫೋನಿನಲ್ಲಿ ಆಡುವ ನಮ್ಮಂಥವರಿಗೆ ಅದು ಯಾವಾಗಲೂ ಸರಿ ಹೋಗೋದಿಲ್ಲ. ಪರದೆ ಸಣ್ಣದು, ನೆಟ್ ಕೈಕೊಡುತ್ತೆ. ಅದಕ್ಕೆ ನಮ್ಮ ಗುಂಪು ಕೆಲವು ಜಗಳಗಳನ್ನು ಬರೆದೇ ಆಡುತ್ತೆ, ಮೆಸೇಜ್ ಹಾಕಿ. ಪ್ರಪಂಚದಲ್ಲಿ ಹೀಗೆ ಬರೆದು ಆಡುವವರು ಕಂಡುಕೊಂಡ ಒಂದು ಒಳ್ಳೆಯ ಉಪಾಯ ಇದೆ. ಒಬ್ಬೊಬ್ಬರಿಗೆ ಕಾಯೋದು ಬಿಟ್ಟು ಗುಂಪಿನ ಪಾಳಿ ಮಾಡೋದು. ನಮ್ಮವರೆಲ್ಲ 24 ಗಂಟೆಯೊಳಗೆ ಯಾವ ಕ್ರಮದಲ್ಲಾದರೂ ತಮ್ಮ ನಡೆ ಬರೆಯಬಹುದು. ಆಮೇಲೆ ಎದುರಾಳಿಗಳ ಪಾಳಿ. ಆಮೇಲೆ ಸಾರಥಿ ಎಲ್ಲವನ್ನೂ ಸೇರಿಸಿ ಏನಾಯಿತು ಅಂತ ಒಂದು ಪ್ಯಾರಾ ಬರೀತಾರೆ. ಗಮನಿಸಿ, ಇದು 1824ರ ಕ್ರೀಗ್‌ಸ್ಪೀಲ್‌ಗೆ ವಾಪಸ್ ಹೋದ ಹಾಗೆ. ಆಜ್ಞೆ ಬರೆದು ಕೊಡೋದು, ಅಂಪೈರ್ ಲೆಕ್ಕ ಹೇಳೋದು.

ನೀವು ಶುರು ಮಾಡೋದಾದರೆ ಆ್ಯಪ್ ಕೂಡ ಬೇಕಿಲ್ಲ. ಗ್ರೂಪಿನಲ್ಲಿ ಒಂದು ಮೆಸೇಜ್ ಪಿನ್ ಮಾಡಿ. ಮೇಲೆ ರೌಂಡ್ ನಂಬರ್. ಕೆಳಗೆ ಕ್ರಮವಾಗಿ ಹೆಸರುಗಳು, ಪಕ್ಕದಲ್ಲಿ ಉಳಿದ ಜೀವ. ಯಾರ ಮೇಲಾದರೂ ಮಂತ್ರ, ವಿಷ ಇದ್ದರೆ ಇನ್ನು ಎಷ್ಟು ರೌಂಡ್ ಉಳಿದಿದೆ ಅಂತ ಬರೀಬೇಡಿ, ಯಾವ ರೌಂಡಿಗೆ ಮುಗಿಯುತ್ತೆ ಅಂತ ಬರೀರಿ. ಪ್ರತಿ ಸಲ ಒಂದು ಕಳೆಯೋ ಕೆಲಸ ಉಳಿಯುತ್ತೆ. ಪಾಳಿ ಬಂದವರಿಗೆ ಉತ್ತರ ಕೊಡೋಕೆ ಆಗದಿದ್ದರೆ ಏನು ಮಾಡೋದು ಅಂತ ಮೊದಲೇ ಒಪ್ಪಿಕೊಳ್ಳಿ. ತಮ್ಮನ್ನು ಕಾಪಾಡಿಕೊಂಡು ನಿಂತರು ಅಂತ ಬರೀತೀರೋ, ಗೆಳೆಯ ಒಬ್ಬ ಅವರ ಪರವಾಗಿ ಆಡ್ತಾನೋ, ಅದು ನಿಮ್ಮ ಗುಂಪಿನ ಮಾತು. ಅಬ್ಬಲೂರಿನವರ ಹಾಗೆ ಪಂಥಕ್ಕೆ ಮೊದಲೇ ಓಲೆ ಬರೆಸಿಟ್ಟುಕೊಳ್ಳಿ ಅಷ್ಟೇ.

ನಮ್ಮ ಗುಂಪಿನಲ್ಲಿ ಒಬ್ಬಾಕೆ ಇದ್ದಾಳೆ, ಮಾತು ಕಡಿಮೆ. ಕಾಲ್‌ನಲ್ಲಿ ಎಲ್ಲರೂ ಕೂಗಾಡುವಾಗ ಸುಮ್ಮನೆ ಇರ್ತಾಳೆ. ಪಟ್ಟಿಯಲ್ಲಿ ಅವಳ ಹೆಸರು ಬಂತು ಅಂದ್ರೆ ಉಳಿದ ನಾಲ್ವರೂ ಬಾಯಿ ಮುಚ್ಚಬೇಕು. ಆಗ ಅವಳು ಹೇಳೋ ನಡೆ ಎಷ್ಟೋ ಸಲ ಜಗಳದ ದಿಕ್ಕೇ ಬದಲಿಸಿದೆ. ಪಾಳಿಯ ಲೆಕ್ಕದ ಅಸಲಿ ಕೆಲಸ ಇದೇ ಅಂತ ನನಗೆ ಅನಿಸುತ್ತೆ. ಕೇಳಿಸದ ದನಿಗೆ 6 ಸೆಕೆಂಡು ಮೀಸಲಿಡೋದು.

ಇನ್ನು ಉಳಿಯೋ ವಿಷಯ. ನಮ್ಮ ಜಗಳಗಳ ಲೆಕ್ಕ ಈಗ ಯಾರದೋ ಸರ್ವರ್‌ನಲ್ಲಿದೆ. ಕಂಪನಿ ಬಾಗಿಲು ಹಾಕಿದ ದಿನ, ಪಾಸ್‌ವರ್ಡ್ ಮರೆತ ದಿನ ಅದು ಹೋಯಿತು. ಸೋಹಣಿಯ ಲೆಕ್ಕ ಎಂಟು ನೂರು ವರ್ಷ ದಾಟಿ ನಮ್ಮ ತನಕ ಬಂದಿದೆ. ಹಾಗಂತ ಕಲ್ಲೂ ಶಾಶ್ವತ ಅಲ್ಲ. ಬಟ್ಟೆ ಒಗೆಯುವ ಕಲ್ಲಾದ ವೀರಗಲ್ಲು, ಕಟ್ಟೆಯ ಮೆಟ್ಟಿಲಾದ ವೀರಗಲ್ಲು, ಎಣ್ಣೆ ಕುಂಕುಮದ ಕೆಳಗೆ ಅಕ್ಷರ ಮುಚ್ಚಿಹೋದ ವೀರಗಲ್ಲು ನಮ್ಮ ಭಾಗದಲ್ಲಿ ಬೇಕಾದಷ್ಟು ಇವೆ. ಅಕ್ಷರ ಸವೆದರೆ ಆ ಮನುಷ್ಯ ಎರಡನೇ ಸಲ ಪಟ್ಟಿಯಿಂದ ಬಿದ್ದ ಹಾಗೆ.

ಅದಕ್ಕೇ ಒಂದು ಕೆಲಸ ಹೇಳ್ತೀನಿ. ಮುಂದಿನ ಸಲ ಊರಿಗೆ ಹೋದಾಗ ಕೆರೆ ಏರಿಯ ಮೇಲೆ, ಹನುಮಪ್ಪನ ಗುಡಿಯ ಹಿಂದೆ, ಹೊಲದ ಬದುವಿನಲ್ಲಿ ಅಂಥ ಕಲ್ಲು ಇದೆಯಾ ನೋಡ್ರಿ. ಸುಣ್ಣ, ಬಣ್ಣ ಹಚ್ಚಬೇಡಿ, ಉಜ್ಜಬೇಡಿ, ಜಾಗದಿಂದ ಎತ್ತಬೇಡಿ. ಬೆಳಗ್ಗೆ ಇಲ್ಲ ಸಂಜೆಯ ಓರೆ ಬಿಸಿಲಲ್ಲಿ ಫೋಟೋ ತೆಗೀರಿ, ಆಗ ಅಕ್ಷರ ಎದ್ದು ಕಾಣುತ್ತವೆ. ಪೂರ್ತಿ ಕಲ್ಲಿನದು ಒಂದು, ಪ್ರತಿ ಅಂತಸ್ತಿನದು ಒಂದೊಂದು, ಬರಹದ ಪಟ್ಟಿಯದು ಹತ್ತಿರದಿಂದ. ಊರಿನ ಹೆಸರು, ಕಲ್ಲು ಎಲ್ಲಿದೆ, ಅದಕ್ಕೆ ಊರಿನವರು ಏನಂತ ಕರೀತಾರೆ, ಇಷ್ಟು ಬರೆದಿಡಿ. ನಿಮ್ಮ ಕಾಲೇಜಿನ ಇತಿಹಾಸದ ಮೇಷ್ಟ್ರಿಗೆ ತೋರಿಸಿ. ಕೆಳಗಿನಿಂದ ಮೇಲಕ್ಕೆ ಓದಿ.